ಎಡಮಗ್ಗುಲಿನ ಸವೆತ

ಹನ್ನೊಂದು ಹಾಡುಗಳಿಗೆ ಡ್ರಮ್ ನುಡಿಸಿದ್ದು ತಂಗಿ. ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾದದ್ದು ಅಣ್ಣನ ಹೆಸರು, ಅಣ್ಣನ ಫೋಟೊ. ಅವಳಿಗಾಗ ಹತ್ತೊಂಬತ್ತು.

ಇಪ್ಪತ್ತೇಳು ವರ್ಷಗಳ ನಂತರ ಅವೇ ಡ್ರಮ್‌ಗಳನ್ನು ವ್ಯಾನಿನಿಂದ ಇಳಿಸಿಕೊಂಡು ಅವಳು ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತಾಗ, ಅಂಗಡಿಯವನಿಗೆ ಇದಾವುದೂ ಗೊತ್ತಿರಲಿಲ್ಲ. ಅವನ ಕೈಯಲ್ಲಿದ್ದದ್ದು ಅವಳ ಅಣ್ಣ ಕಳಿಸಿದ ಚೀಟಿ. ಸಂಗೀತ ಸಭಾಂಗಣದಲ್ಲಿ, ಆ ಹೆಸರಾಂತ ಫೋಟೊದ ಕೆಳಗೆ, ಗಾಜಿನ ಪೆಟ್ಟಿಗೆಯೊಳಗೆ ಇವನ್ನು ಇಡುತ್ತಾರೆ. ಮೂರಕ್ಕೂ ಒಂದೇ ನೀಲಿ ಬರಬೇಕು. ದೊಡ್ಡ ಡ್ರಮ್ಮಿನ ಎಡಗಡೆಯ ರಂಧ್ರ ಮುಚ್ಚಬೇಕು. ಗೀರುಗಳು ಕಾಣಬಾರದು.

ಅವನು ಡ್ರಮ್‌ಗಳ ಸುತ್ತ ಒಂದು ಸುತ್ತು ಬಂದ. ದೊಡ್ಡದರ ಮೇಲಿದ್ದ ಮುತ್ತಿನ ಹೊಳಪಿನ ನೀಲಿ ಹಾಳೆ ಬಿಸಿಲಿಗೆ ಹಸಿರಾಗಿ, ಪಾಚಿ ಕಟ್ಟಿದ ಕೆರೆಯಂತಿತ್ತು. ಚಿಕ್ಕದು ಬೇರಾವುದೋ ಕಂಪನಿಯದು, ಶಾಯಿಯಂಥ ನೀಲಿ. ಮೂರು ಕಾಲಿನ ಮೇಲೆ ನಿಲ್ಲುವ ಮೂರನೆಯದಕ್ಕೆ ಯಾರೋ ಬ್ರಷ್ಷಿನಿಂದ ಕೆಂಪು ಬಳಿದಿದ್ದರು, ಗೇಟಿಗೆ ಬಳಿಯುವ ಕೆಂಪು.

"ಮೂರೂ ಮೂರು ತಾಯಿ ಮಕ್ಕಳು" ಎಂದ.

"ಸಾಕಿದವಳು ಒಬ್ಬಳೇ" ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ. ದೊಡ್ಡ ಡ್ರಮ್ಮಿನ ರಂಧ್ರದೊಳಗೆ ಬೆರಳಿಟ್ಟು ನೋಡಿದ. "ಯಾವ ಪುಣ್ಯಾತ್ಮ ಕೊರೆದದ್ದು ಇದನ್ನ? ಇಲಿ ಕಡಿದ ಹಾಗಿದೆ."

"ಬೈರಿಗೆ ಮೊಂಡಾಗಿತ್ತು."

"ನಿಮ್ಮಣ್ಣ ಎಡಚರಾ? ನುಡಿಸೋರ ಎಡಕ್ಕೆ ಸಿಂಬಲ್ ತಟ್ಟೆ ನಿಲ್ಲಿಸೋಕೆ ಕೊರೆದ ರಂಧ್ರ ಇದು. ಬಲಗೈಯವರಿಗೆ ಬೇಕಾದ್ದನ್ನ ಬಲಗಡೆ ಕಂಪನಿಯವರೇ ಕೊಟ್ಟಿದ್ದಾರೆ."

"ಅಣ್ಣ ಬಲಗೈಯವನು." ಹೇಳುತ್ತಲೇ ಅವಳು ರಸೀದಿಗೆ ಸಹಿ ಹಾಕಲು ಬಗ್ಗಿದಳು. ಪೆನ್ನು ಇದ್ದದ್ದು ಎಡಗೈಯಲ್ಲಿ.

ಅವನು ನೋಡಿದ. ನೋಡಿದನೆಂದು ಅವಳಿಗೂ ತಿಳಿಯಿತು. ಪೆನ್ನು ಒಂದು ಗಳಿಗೆ ಬಲಗೈಗೆ ಹೋಯಿತು, ಅಲ್ಲಿ ಅನಾಥವಾಗಿ ನಿಂತಿತು, ಮತ್ತೆ ಎಡಗೈಗೇ ಬಂತು.

"ಹೀಗೇ ನೋಡ್ತಾ ನಿಲ್ತೀರಾ, ರಸೀದಿ ಹರಿದು ಕೊಡ್ತೀರಾ?" ಎಂದಳು, ತಲೆ ಎತ್ತದೆ.

ಕೆಲಸ ಎಲ್ಲಿಗೆ ಬಂತೆಂದು ನೋಡಿ ಬರಲು ಅಣ್ಣ ಅವಳನ್ನು ದಿನ ಬಿಟ್ಟು ದಿನ ಕಳಿಸುತ್ತಿದ್ದ. ಅಣ್ಣನ ಶಿಷ್ಯರ ಪಾಠದ ವೇಳೆ, ಅಣ್ಣನ ಫೋನು, ಅಣ್ಣನ ಬಿಪಿ ಮಾತ್ರೆ, ಎಲ್ಲ ಅವಳ ಜವಾಬ್ದಾರಿ. ಈಗ ಇದೂ ಒಂದು. ಬಂದವಳು ಐದು ನಿಮಿಷ ನಿಲ್ಲುತ್ತಿದ್ದಳು. ಆಮೇಲೆ ಐದು ನಿಮಿಷ ಕೂತಳು. ಮೂರನೆಯ ವಾರದ ಹೊತ್ತಿಗೆ ಮರದ ಪುಡಿ ಒರೆಸಿಟ್ಟ ಒಂದು ಸ್ಟೂಲು ಅವಳಿಗಾಗಿಯೇ ಕಾಯುತ್ತಿತ್ತು.

"ಇಲ್ಲಿ ಬನ್ನಿ" ಎಂದು ಒಂದು ಮಧ್ಯಾಹ್ನ ಕರೆದ. ದೊಡ್ಡ ಡ್ರಮ್ಮಿನಿಂದ ಚರ್ಮ ಬಿಗಿಯುವ ಲೋಹದ ತುಂಡೊಂದನ್ನು ಬಿಚ್ಚಿದ್ದ. ಅದರ ಅಡಿಯಲ್ಲಿ ಹೆಬ್ಬೆರಳಗಲದ ನೀಲಿ, ಆಗತಾನೆ ಕಣ್ಣು ಬಿಟ್ಟಂತೆ. "ಬಿಸಿಲು ತಾಗದ ಜಾಗ. ಅಸಲು ಬಣ್ಣ ಇದೇ."

ಅವಳು ಮುಖ ಹತ್ತಿರ ತಂದಳು. ಅವಳ ಉಸಿರಿಗೆ ನೀಲಿ ಮಸುಕಾಯಿತು, ತಿಳಿಯಾಯಿತು. "ನಾನು ಮೊದಲು ಕೂತಾಗ ಇಡೀ ಡ್ರಮ್ ಹೀಗೇ ಇತ್ತು" ಎಂದಳು. ಕೂತವಳು ತಾನೆಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವನು ನೀಲಿಯನ್ನು ನೋಡಬೇಕಿತ್ತು. ನೋಡಿದ್ದು ಅವಳ ಕಿವಿಯ ಹಿಂದೆ ಜಾರಿದ್ದ ನರೆಗೂದಲಿನ ಎಳೆಯನ್ನು. ಸಾವರಿಸಿಕೊಂಡು ಡ್ರಮ್ಮಿನ ಎಡಮಗ್ಗುಲಿಗೆ ಬೆರಳಿಟ್ಟ. ಅಲ್ಲಿ ಹಾಳೆ ಅಂಗೈಯಗಲ ಸವೆದಿತ್ತು. ಸವೆದಲ್ಲಿ ಕೆಂಪು ಹತ್ತಿತ್ತು.

"ಕೆಂಪು ಡ್ರಮ್ಮಿನ ಅಂಚು ಉಜ್ಜಿ ಉಜ್ಜಿ ಆದದ್ದು. ಬಲಗೈಯವರು ನುಡಿಸಿದ್ರೆ ಅದು ಬಲಕ್ಕಿರುತ್ತೆ."

"ಫೋಟೊದಲ್ಲಿ ಬಲಕ್ಕೇ ಇದೆಯಲ್ಲ."

"ಫೋಟೊಗೆ ಒಂದು ನಿಮಿಷ ಸಾಕು. ಇಷ್ಟು ಸವೆಯೋಕೆ ವರ್ಷಗಳು ಬೇಕು."

ಅವಳು ಸ್ಟೂಲಿನ ಮೇಲೆ ಕೂತಳು.

"ಮೂರು ದಿನದಲ್ಲಿ ಹನ್ನೊಂದು ಹಾಡು ಮುಗಿಸಿದೆ. ನಾಲ್ಕನೇ ದಿನ ಫೋಟೊ ತೆಗೆಯೋರು ಬಂದ್ರು. ಅಣ್ಣ, ಇವರಿಗೆಲ್ಲ ಟೀ ತಗೊಂಡು ಬಾ ಹೋಗು ಅಂದ. ತರೋ ಹೊತ್ತಿಗೆ ಡ್ರಮ್‌ಗಳನ್ನ ತಿರುಗಿಸಿಟ್ಟು ಅವನು ಕೂತಿದ್ದ. ಕಪ್ಪು-ಬಿಳುಪು ಫೋಟೊ. ಅದರಲ್ಲಿ ನೀಲಿಯೂ ಒಂದೇ, ಗೇಟಿನ ಕೆಂಪೂ ಒಂದೇ."

"ನೀವೇನೂ ಅನ್ನಲಿಲ್ವಾ?"

"ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದೆ."

ಅವನ ಕೈಯಲ್ಲಿದ್ದ ಸ್ಕ್ರೂ ನೆಲಕ್ಕೆ ಬಿತ್ತು. ಇಬ್ಬರೂ ಹುಡುಕಲಿಲ್ಲ.

"ಆಮೇಲೆ ನುಡಿಸಲೇ ಇಲ್ವಾ?"

"ಒಂದೇ ಮನೇಲಿ ಇಬ್ಬರು ನುಡಿಸಿದ್ರೆ ಯಾವ ಸದ್ದು ಯಾರದು ಅಂತ ಜನ ಕೇಳ್ತಾರೆ ಅಂದ. ಬಿಟ್ಟೆ." ಮಾತು ಬದಲಿಸುವವಳಂತೆ ಕೇಳಿದಳು. "ಅದಿರಲಿ, ನಾನು ಎಲ್ಲಿ ಕೂತರೂ ನೀವು ಸುತ್ತಿ ಬಂದು ನನ್ನ ಬಲಕ್ಕೇ ಕೂರ್ತೀರಲ್ಲ, ಯಾಕೆ?"

"ನನ್ನ ಬಲಗಿವಿ ಕೇಳಿಸಲ್ಲ. ಡ್ರಮ್ ಬಡಿದು ನೋಡಿ ನೋಡಿ ಹೋಯ್ತು. ನೀವು ಎಡಕ್ಕಿದ್ರೆ ಮಾತು ಕೇಳುತ್ತೆ."

"ಓ. ನಾನು ಬೇರೇನೋ ಅಂದ್ಕೊಂಡಿದ್ದೆ."

"ಏನಂದ್ಕೊಂಡಿದ್ರಿ?"

ಅವಳು ಎದ್ದಳು. ಅವನ ಬೆನ್ನ ಹಿಂದೆ ಸುತ್ತಿ ಬಂದು, ಬಲಗಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಕೆನ್ನೆಗೆ ಬಿಸಿ ತಾಗಿತು, ಅಷ್ಟೇ.

"ಏನಂದ್ರಿ? ಆ ಕಿವಿ ಸತ್ತಿದೆ ಅಂದೆನಲ್ಲ."

"ಅದಕ್ಕೇ ಆ ಕಡೆ ಹೇಳಿದ್ದು" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಮುಂದಿನ ಸಲ ಬಂದಾಗ ಅವಳ ಮುಖದಲ್ಲಿ ಆ ತುಂಟತನದ ಸುಳಿವೂ ಇರಲಿಲ್ಲ. ಸಭಾಂಗಣದವರು ಗುರುವಾರ ಬೆಳಿಗ್ಗೆ ನೋಡಲು ಬರುತ್ತಾರೆ, ಫೋಟೊದವರೂ ಬರುತ್ತಾರೆ ಎಂದಳು. ನಿಂತೇ ಹೇಳಿದಳು.

"ರಂಧ್ರ ಮುಚ್ಚಿಬಿಡಿ. ಸವೆತವನ್ನೂ ಮುಚ್ಚಿ. ಅಪ್ಪ ಹೋದ ಮೇಲೆ ನನಗಿರೋದು ಅಣ್ಣನ ಮನೆ ಒಂದೇ. ಅವನ ಹೆಸರು ಬಿದ್ದರೆ ನಾನು ನಿಲ್ಲೋದಾದರೂ ಎಲ್ಲಿ?"

ಅವನು ಮೇಜಿನ ಡ್ರಾಯರ್ ತೆಗೆದ. ಆ ರಂಧ್ರದ ಅಳತೆಗೆ ಕಡೆದು, ಉಜ್ಜಿ ನುಣುಪು ಮಾಡಿದ ಮರದ ಬಿರಡೆಯೊಂದು ಅದರಲ್ಲಿತ್ತು. ಹತ್ತು ದಿನದ ಹಿಂದೆಯೇ ಮಾಡಿಟ್ಟಿದ್ದ. ಹತ್ತು ದಿನವೂ ಅಂಟು ಹಚ್ಚಲು ಕೈ ಬಂದಿರಲಿಲ್ಲ. ಅದನ್ನು ಅವಳ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿದ. ಕೈ ತೆಗೆಯುವುದು ಸ್ವಲ್ಪ ತಡವಾಯಿತು.

"ಕೊರೆದವರು ನೀವು. ಮುಚ್ಚೋದಾದ್ರೆ ನೀವೇ ಮುಚ್ಚಿ. ನಾನು ಮುಚ್ಚಲ್ಲ."

ಗುರುವಾರ ಅವರೆಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದಳು. ಬಾಗಿಲ ಪಕ್ಕದ ಬೆಳಕಿನಲ್ಲಿ ಡ್ರಮ್‌ಗಳು ಬಟ್ಟೆ ಹೊದ್ದು ನಿಂತಿದ್ದವು. ಅವನು ಬಟ್ಟೆ ಎಳೆದ.

ಹಸಿರಾದ ನೀಲಿ ಹಸಿರಾಗಿಯೇ ಇತ್ತು. ಗೇಟಿನ ಕೆಂಪು ಕೆಂಪಾಗಿಯೇ ಇತ್ತು, ಬ್ರಷ್ಷಿನ ಗೆರೆಗಳ ಸಮೇತ. ಬಿರುಕು ಬಿಟ್ಟಲ್ಲಿ ಅಂಟಿಸಿದ್ದ, ತುಕ್ಕು ತೆಗೆದಿದ್ದ, ಹೊಸ ಚರ್ಮ ಬಿಗಿದಿದ್ದ, ಮೇಣ ಹಚ್ಚಿ ಒರೆಸಿದ್ದ. ಎಡಮಗ್ಗುಲಿನ ಸವೆತವನ್ನು ಮುಟ್ಟಿರಲಿಲ್ಲ. ಇಲಿ ಕಡಿದಂಥ ಆ ರಂಧ್ರದಲ್ಲಿ ಸಿಂಬಲ್ ಕಂಬ ನೆಟ್ಟಗೆ ನಿಂತಿತ್ತು. ಕೆಂಪು ಡ್ರಮ್ ಎಡಕ್ಕೆ. ಪೆಡಲ್ ಎಡಗಾಲಿಗೆ.

ಅವಳು ಚೀಲದಿಂದ ಬಿರಡೆ ತೆಗೆದು ಅವನ ಅಂಗೈಗೆ ಹಾಕಿದಳು. ಅವನ ಎಡಕ್ಕೆ ಬಂದು ನಿಂತಳು.

"ಅವತ್ತು ಸತ್ತ ಕಿವಿಗೆ ಹೇಳಿದ್ದನ್ನ ಈ ಕಿವಿಗೆ ಹೇಳಲಾ?"

"ಹೇಳಿ."

"ನನ್ನ ಮಗ್ಗುಲಲ್ಲಿ ಇರೋದು ನಿಮಗೆ ಇಷ್ಟವೇನೋ ಅಂದ್ಕೊಂಡಿದ್ದೆ."

ಅವನು ಬಿರಡೆಯನ್ನು ಮುಷ್ಟಿಯೊಳಗೆ ಬಿಗಿಹಿಡಿದ. "ನೀನು ಸರಿಯಾಗೇ ಅಂದ್ಕೊಂಡಿದ್ದೆ" ಎಂದ. ಬಹುವಚನ ಯಾವಾಗ ಬಿದ್ದುಹೋಯಿತೆಂದು ಅವನಿಗೇ ತಿಳಿಯಲಿಲ್ಲ. "ಅಂಗಡಿ ಮೇಲೆ ಎರಡು ಕೋಣೆ ಇದೆ. ಡ್ರಮ್ ಇಡೋಕೆ ಜಾಗ ಆಗುತ್ತೆ. ಸದ್ದು ಮಾಡಿದ್ರೆ ಪಕ್ಕದ ಮನೆಯವರು ಬೈತಾರೆ, ಅಷ್ಟೇ."

"ಬೈಲಿ" ಎಂದಳು. ಕಣ್ಣು ತುಂಬಿತ್ತು.

ಅಣ್ಣ ಬಂದಾಗ ಅವಳು ಡ್ರಮ್‌ಗಳ ಹಿಂದೆ ಕೂತಿದ್ದಳು. ಅವನ ಜೊತೆ ಸಭಾಂಗಣದ ಕಾರ್ಯದರ್ಶಿ, ಕ್ಯಾಮೆರಾ ಹೊತ್ತ ಒಬ್ಬಾಕೆ. ಅಣ್ಣನ ಮುಖದ ನಗು ಬಾಗಿಲಲ್ಲೇ ನಿಂತಿತು.

"ಏನ್ರೀ ಇದು? ನಾನು ಬರೆದು ಕಳಿಸಿದ್ದೇನು?"

"ಬರೆದದ್ದು ಓದಿದೆ" ಎಂದ ರಿಪೇರಿಯವನು. "ರಿಪೇರಿ ಮುಗಿದಿದೆ. ಸುಳ್ಳಿಗೆ ಬಣ್ಣ ಬಳಿಯೋ ಕೆಲಸ ನನಗೆ ಬರಲ್ಲ."

ಕಾರ್ಯದರ್ಶಿ ಸವೆದ ಜಾಗ ನೋಡಿದರು, ಎಡಕ್ಕಿದ್ದ ಸಿಂಬಲ್ ನೋಡಿದರು, ಅವಳನ್ನು ನೋಡಿದರು. "ಇದು ಎಡಗೈಯವರ ಸೆಟ್ ಅಲ್ವಾ ಸಾರ್?" ಎಂದರು ಮೆಲ್ಲಗೆ.

ಅಣ್ಣನಿಗೆ ಸಿಟ್ಟು ಬರಲಿಲ್ಲ. ದೊಡ್ಡ ವೇದಿಕೆಗಳಲ್ಲಿ ಪಳಗಿದ ಮನುಷ್ಯ, ನಕ್ಕ. ತಂಗಿಯ ಕಡೆ ತಿರುಗಿ, ಇಪ್ಪತ್ತೇಳು ವರ್ಷದ ಹಿಂದಿನ ಅದೇ ಅಕ್ಕರೆಯ ದನಿಯಲ್ಲಿ ಹೇಳಿದ.

"ಪುಟ್ಟೀ, ಇವರಿಗೆಲ್ಲ ಟೀ ತಗೊಂಡು ಬಾ ಹೋಗಮ್ಮ. ಅಷ್ಟರಲ್ಲಿ ಇದನ್ನೆಲ್ಲ ತಿರುಗಿಸಿಡ್ತೀವಿ."

ಅವಳು ಎಡಗಾಲನ್ನು ಪೆಡಲಿನ ಮೇಲಿಟ್ಟಳು.

"ಇಲ್ಲಣ್ಣ" ಎಂದಳು. "ನಾನು ಏಳಲ್ಲ."