ಹೊಗೆ ತೆಗೆದ ಎಂಜಿನ್

"ಏರು ಶುರು ಆತು ನೋಡವಾ, ಸ್ಟೀಮಿನ ಮುಳ್ಳು ಇಳೀಲಿಕ್ಕ ಹತ್ತಿತು. ಕಲ್ಲಿದ್ದಲು ಮಳಿಯಾಗ ತೊಯ್ದು ತೊಪ್ಪೆ ಆಗಿತ್ತು. ಡ್ರೈವರ್ ಸಾಹೇಬ್ರು ಅಂದ್ರು, ‘ಭರಮಪ್ಪಾ, ಮುಗೀತು. ಅರ್ಧ ಗಾಡಿ ಇಲ್ಲೇ ಬಿಟ್ಟು ಹೋಗೂಣು.’ ನಾ ಏನಂದೆ?"

"‘ಒಂದು ಡಬ್ಬಿನೂ ಬಿಡೂದಿಲ್ರೀ’ ಅಂದೆ," ಎಂದಳು ಶಾಂಭವಿ, ಹೋಂವರ್ಕಿನಿಂದ ತಲೆ ಎತ್ತದೆ.

ಅಜ್ಜನಿಗೆ ಅಷ್ಟು ಸಾಕಾಗಿತ್ತು. ಸುಮಾರು ನಲವತ್ತು ವರ್ಷಗಳ ಹಿಂದೆ, ಗದಗದಿಂದ ಬಾಗಲಕೋಟೆಗೆ ಹೋಗುವ ಉಗಿಬಂಡಿಯಲ್ಲಿ ಭರಮಪ್ಪ ಫೈರ್‌ಮನ್ ಆಗಿದ್ದ. ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವುದು ಅವನ ಕೆಲಸ. ಆ ದಿನ ಎದೆಗೆ ಒಲೆಯ ಕಾವು, ಬೆನ್ನಿಗೆ ಮಳೆಯ ಎರಚಲು. ಒದ್ದೆ ಕಲ್ಲಿದ್ದಲನ್ನು ಕುಟ್ಟಿ ಚೂರು ಮಾಡಿ, ಬೆಂಕಿಯ ಮೇಲೆ ತೆಳ್ಳಗೆ ಹರಡುತ್ತ, ಮುಕ್ಕಾಲು ಗಂಟೆ ಸೊಂಟ ನೆಟ್ಟಗೆ ಮಾಡದೆ ದುಡಿದು, ಅವನು ಒಂಬತ್ತು ಡಬ್ಬಿಗಳನ್ನೂ ಏರು ಹತ್ತಿಸಿದ್ದ.

ಮುಂದಿನ ಸ್ಟೇಷನ್ನಿನಲ್ಲಿ ಪ್ರಯಾಣಿಕರೊಬ್ಬರು ಒಂದು ಫೋಟೋ ತೆಗೆದಿದ್ದರು. ಹಿಂದೆ ಗುಡ್ಡದಂಥ ಕಪ್ಪು ಹೊಗೆ. ಎಂಜಿನ್ನಿನ ಬಾಗಿಲಲ್ಲಿ ಅದಕ್ಕಿಂತ ಕಪ್ಪು ಮುಖ. ಆ ಮುಖದಲ್ಲಿ ಬೆಳ್ಳಗಿದ್ದದ್ದು ಕಣ್ಣು ಮತ್ತು ಹಲ್ಲು ಮಾತ್ರ.

ಈ ಕತೆಯನ್ನು ರಾಜಗೋಪಾಲನಗರದ ಅವರ ಬಾಡಿಗೆ ಮನೆಯ ಗೋಡೆಗಳೂ ಒಪ್ಪಿಸುವಂತಿದ್ದವು. ಅಜ್ಜ ಅದನ್ನು ದಿನವೂ ಹೇಳುತ್ತಿದ್ದ. ಹೇಳು ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಅಷ್ಟರಲ್ಲಿ ಶಾಲೆಯವರು ‘ನಮ್ಮ ಮನೆಯ ಹೆಮ್ಮೆ’ ಎಂಬ ಫೋಟೋ ಸ್ಪರ್ಧೆ ಏರ್ಪಡಿಸಿದರು. ಶಾಂಭವಿ ಅಜ್ಜನ ಫೋಟೋ ತೆಗೆದುಕೊಂಡು ಹೋದಳು.

"ಏನೇ ಇದು, ನಿಮ್ಮ ತಾತ ಟಾರ್ ಡ್ರಮ್ಮಿಗೆ ಬಿದ್ಬಿಟ್ಟಿದ್ರಾ?" ಎಂದ ಪಕ್ಕದ ಬೆಂಚಿನ ದೀಪು. ತರಗತಿಯೆಲ್ಲ ನಕ್ಕಿತು.

ದೀಪು ತಂದ ಫೋಟೋದಲ್ಲಿ ಅವನ ತಾತ ಗೋಪಾಲಪ್ಪನವರು ನಾಲ್ಕು ಮಹಡಿಯ ಹೊಸ ಕಟ್ಟಡದ ಮುಂದೆ ಟೇಪು ಕತ್ತರಿಸುತ್ತಿದ್ದರು. ಆ ಹೆಮ್ಮೆಯ ಎರಡನೆಯ ಮಹಡಿಯಲ್ಲೇ ಶಾಂಭವಿಯ ಬಾಡಿಗೆ ಮನೆ.

ಸುಮಂಗಲಾ ಮಿಸ್ ಅಜ್ಜನ ಫೋಟೋವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು, ಮಸಿ ಕೈಗೆ ಹತ್ತೀತೇನೋ ಎಂಬಂತೆ. "ತುಂಬಾ ಡರ್ಟಿಯಾಗಿದೆ ಪುಟ್ಟಿ. ನೀಟಾಗಿ ಮಾಡಿಸ್ಕೊಂಡು ಬಾ. ಚೀಫ್ ಗೆಸ್ಟ್ ಬರ್ತಿದಾರೆ."

ಸಂಜೆ ಶಾಂಭವಿ ಮುಖ್ಯರಸ್ತೆಯ ಸ್ಟುಡಿಯೋಗೆ ಹೋದಳು. ಸ್ಟುಡಿಯೋದ ಸಂಗಮೇಶ್ ಫೋಟೋವನ್ನು ಕಂಪ್ಯೂಟರಿಗೆ ಏರಿಸಿದ.

"ಹೊಗೆ ತೆಗೀಲಾ?"

"ತೆಗೀರಿ ಅಣ್ಣ."

"ಮುಖ ಬ್ರೈಟ್ ಮಾಡ್ಲಾ?"

"ಮಾಡಿ."

"ಆಕಾಶ ಬ್ಲೂ ಮಾಡ್ಬಿಡ್ತೀನಿ, ಸಕ್ಕತ್ತಾಗಿರತ್ತೆ."

ಅಜ್ಜನ ನೌಕರಿಯುದ್ದಕ್ಕೂ ಸಾಬೂನಿಗೆ ಸಾಧ್ಯವಾಗದ ಕೆಲಸವನ್ನು ಸಂಗಮೇಶನ ಮೌಸು ಹತ್ತೇ ನಿಮಿಷದಲ್ಲಿ ಮಾಡಿ ಮುಗಿಸಿತು. ಎಂಜಿನ್ ಆಟಿಕೆಯಂತೆ ಹೊಳೆಯಿತು. ಅದರ ಬಾಗಿಲಲ್ಲಿ, ಈಗಷ್ಟೇ ಗಡ್ಡ ಬೋಳಿಸಿಕೊಂಡು ಮದುವೆಗೆ ಹೊರಟಂಥ ಒಬ್ಬ ಬಿಳಿಯ ತರುಣ ನಿಂತು ನಗುತ್ತಿದ್ದ. ಶಾಂಭವಿಗೆ ಬಹಳ ಖುಷಿಯಾಯಿತು.

ಸ್ಪರ್ಧೆಯ ದಿನ ಅಜ್ಜ ಇಸ್ತ್ರಿ ಮಾಡಿದ ಧೋತರ ಉಟ್ಟು ಶಾಲೆಗೆ ಬಂದ. ಫೋಟೋದ ಮುಂದೆ ಬಹಳ ಹೊತ್ತು ನಿಂತ.

"ಯಾರವಾ ಇಂವಾ?"

"ನೀನೇ ಅಜ್ಜ! ನೀಟ್ ಮಾಡಿಸಿದೀನಿ."

"ಭಾಳ ಚಂದ ಅದಾನ. ಹೆಣ್ಣು ಕೊಡಬಹುದು," ಎಂದು ಅಜ್ಜ ಹಿಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕುಳಿತ.

ಸುತ್ತಲೂ ಕತೆ ಕೇಳಿರದ ನೂರು ಜೋಡಿ ಕಿವಿಗಳಿದ್ದವು. ಆದರೆ ಅಜ್ಜ ಯಾರ ಕಡೆಗೂ ತಿರುಗಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಶಾಂಭವಿಯ ಖುಷಿ ಸ್ವಲ್ಪ ಇಳಿಯಿತು.

ಚೀಫ್ ಗೆಸ್ಟ್ ಬಂದರು. ಪೀಣ್ಯದಲ್ಲಿ ಅವರದೊಂದು ಕಾರ್ಖಾನೆಯಿದ್ದುದರಿಂದ ಹೊಗೆಯ ವಿಷಯದಲ್ಲಿ ಅವರಿಗೆ ಸಹಜವಾಗಿಯೇ ಆಸಕ್ತಿಯಿತ್ತು. ಎಂಜಿನ್ನಿನ ಫೋಟೋ ಕಂಡು ಅವರು ನಿಂತೇಬಿಟ್ಟರು.

"ನೋಡಿ ಮಕ್ಕಳೇ! ಆ ಕಾಲದಲ್ಲೇ ಎಷ್ಟು ಕ್ಲೀನ್ ಎಂಜಿನ್! ಒಂದು ಚೂರೂ ಪೊಲ್ಯೂಷನ್ ಇಲ್ಲ! ಇದಕ್ಕೇ ಫಸ್ಟ್ ಪ್ರೈಜ್!"

ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಉಳಿದವರೂ ತಟ್ಟಿದರು. ಶಾಂಭವಿಯ ಕೈಗೆ ಹೊಳೆಯುವ ಬಹುಮಾನದ ಕಪ್ ಬಂತು; ಬಾಯಿಯ ಹತ್ತಿರ ಮೈಕು ಬಂತು.

"ಹೇಳು ಪುಟ್ಟಿ, ಈ ಎಂಜಿನ್ ಎಷ್ಟು ಸ್ಪೀಡಾಗಿ ಹೋಗ್ತಿತ್ತು?" ಎಂದು ಚೀಫ್ ಗೆಸ್ಟ್ ಕೇಳಿದರು.

ಶಾಂಭವಿ ಹಿಂದಿನ ಸಾಲಿನತ್ತ ನೋಡಿದಳು. ಎಲ್ಲರೂ ವೇದಿಕೆಯನ್ನು ನೋಡುತ್ತಿದ್ದರು. ಅಜ್ಜ ಕಿಟಕಿಯ ಆಚೆಗೆ ನೋಡುತ್ತಿದ್ದ.

"ಇದು ಹೋಗಲ್ಲ ಸಾರ್," ಎಂದಳು.

"ಏನಮ್ಮಾ?"

"ಇದರ ಒಲೇನೇ ಹಚ್ಚಿಲ್ಲ. ಹಚ್ಚಿತ್ತು ಸಾರ್, ನಾನೇ ಸ್ಟುಡಿಯೋದಲ್ಲಿ ಆರಿಸಿಬಿಟ್ಟೆ. ನಮ್ಮಜ್ಜನ ಎಂಜಿನ್ ಒಂಬತ್ತು ಡಬ್ಬಿ ಎಳ್ಕೊಂಡು ಏರು ಹತ್ತಿತ್ತು. ನಮ್ಮಜ್ಜನ ಮುಖದಲ್ಲಿದ್ದಿದ್ದು ಕೊಳೆ ಅಲ್ಲ ಸಾರ್..."

ಸುಮಂಗಲಾ ಮಿಸ್ ಓಡಿಬಂದು ಮೈಕು ತೆಗೆದುಕೊಂಡರು. ಫೋಟೋ ತಿದ್ದುವಂತಿಲ್ಲ ಎಂಬ ನಿಯಮ ಆ ಕ್ಷಣದಲ್ಲಿ ಹುಟ್ಟಿತು. ಕಪ್ ದೀಪುವಿನ ಕೈಗೆ ಹೋಯಿತು. ನಾಲ್ಕು ಮಹಡಿಯ ಕಟ್ಟಡಕ್ಕೆ ಹೊಗೆಯ ತಾಪತ್ರಯವೇನೂ ಇರಲಿಲ್ಲ.

ಅಜ್ಜ, ಮೊಮ್ಮಗಳು ಮನೆಯ ಕಡೆಗೆ ನಡೆದು ಹೊರಟರು. ಲಾರಿಗಳು ಧೂಳೆಬ್ಬಿಸಿಕೊಂಡು ಹಾದುಹೋದವು. ಎಳನೀರಿನ ಗಾಡಿ ದಾಟಿತು, ಬಸ್ ಸ್ಟಾಪ್ ದಾಟಿತು. ಇಷ್ಟು ದೂರ ಅಜ್ಜ ಬಾಯಿಮುಚ್ಚಿಕೊಂಡು ನಡೆದದ್ದನ್ನು ಶಾಂಭವಿ ಎಂದೂ ಕಂಡಿರಲಿಲ್ಲ. ರಸ್ತೆ ಬಹಳ ಉದ್ದವೆನಿಸಿತು. ಅವಳು ಅಜ್ಜನ ಒರಟು ಬೆರಳು ಹಿಡಿದುಕೊಂಡಳು.

"ಅಜ್ಜ, ಆ ಏರಿನ ಕತೆ ಹೇಳು."

ಅಜ್ಜ ನಿಂತ. "ನಿನಗ ಬಾಯಿಪಾಠ ಐತಲ್ಲವಾ."

"ಇನ್ನೊಂದ್ಸಲ."

"ಸ್ವಚ್ಛ ಮಾಡಿ ಹೇಳ್ಲೋ, ಇದ್ದದ್ದು ಇದ್ದಂಗ ಹೇಳ್ಲೋ?"

"ಹೊಗೆ ಸಮೇತ ಹೇಳಜ್ಜ," ಎಂದಳು ಶಾಂಭವಿ. "ಮೊದಲಿಂದ."