ಸೊನ್ನೆ ಬೆಳಕು

ತಲೆ ಮೇಲೆ ಮುಚ್ಚಳ ಬಿತ್ತು... ಪೂರ್ತಿ ಕೂರಲಿಲ್ಲ.

ನನ್ನ ಬೂಟು ಅಡ್ಡ ಇತ್ತು. ಇಟ್ಟಿದ್ದು ನಾನೇ.

ಎರಡಾಳು ಎತ್ತರದ ಸ್ಟೀಲ್ ಟ್ಯಾಂಕು. ಮಧ್ಯಾಹ್ನ ಹನ್ನೆರಡು ಗಂಟೆ. ಹೊರಗೊಬ್ಬ ಪಂಪಿನ ಬಟನ್ ಒತ್ತುತ್ತಿದ್ದ. ಪಂಪು ಶುರುವಾದರೆ ಟ್ಯಾಂಕು ತೊಳೆಯೋ, ಕುದಿಯೋಕೆ ಬಂದಿರೋ ಕಾಸ್ಟಿಕ್ ಸೋಡಾ ನೀರು ನಾಲ್ಕೂ ಕಡೆಯಿಂದ ಎರಚುತ್ತೆ. ಟ್ಯಾಂಕು ಫಳಫಳ. ನಾನು ಬೆಂದ ಆಲೂಗಡ್ಡೆ.

ಮುಚ್ಚಳ ಸರಿಯಾಗಿ ಕೂರದೆ ಪಂಪು ಶುರುವಾಗಲ್ಲ ಅಂತ ತಂಗಿ ಹೇಳಿದ್ದಳು.

ಕ್ಲಿಕ್... ಕ್ಲಿಕ್...

ಏನೂ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳ ಮಾತು ಕೇಳಿದ್ದೆ. ಬದುಕಿದೆ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ಹತ್ತು ವರ್ಷ ಪೊಲೀಸ್ ಕೆಲಸ ಮಾಡಿ ಬಿಟ್ಟವಳು ನಾನು. ಈಗ ಖಾಸಗಿ ಪತ್ತೇದಾರಿ. ತಂಗಿ ಅಂದರೆ ಚಿಕ್ಕಪ್ಪನ ಮಗಳು. ಎಳೆಕೂಸುಗಳ ಹಾಲಿನ ಪುಡಿ ಮಾಡೋ ಈ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದಳು. ಹದಿನೈದು ದಿನದ ಹಿಂದೆ ಹನ್ನೊಂದು ಕೂಸುಗಳು ಜ್ವರ, ವಾಂತಿ ಅಂತ ಆಸ್ಪತ್ರೆ ಸೇರಿದವು. ಎಲ್ಲವೂ ಇದೇ ಪುಡಿಯ ಹಾಲು ಕುಡಿದಿದ್ದವು. ಟ್ಯಾಂಕು ಗಲೀಜಾಗಿದೆ ಅಂತ ತಂಗಿ ಬಾಯಿಬಿಟ್ಟು ಹೇಳಿದಳು. ಮಾರನೇ ದಿನ ಅವಳ ಕೆಲಸ ಹೋಯ್ತು.

ಕೆಲಸದಿಂದ ತೆಗೆದವನು ಮ್ಯಾನೇಜರ್. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಲ್ಲೂ ಇಲ್ಲ. ಕೆಲಸದವರೆಲ್ಲ ಅವನನ್ನು ಇಸ್ತ್ರಿ ಅಂತಿದ್ದರು. ತಾಯಂದಿರು ಬಾಟಲಿ ಸರಿಯಾಗಿ ತೊಳೆಯಲ್ಲ, ನಮ್ಮ ಟ್ಯಾಂಕಿನ ರೀಡಿಂಗ್ ನೋಡಿ ಅಂತ ಎಲ್ಲರಿಗೂ ಕಾಗದ ತೋರಿಸುತ್ತಿದ್ದ. ತಿಂಗಳಿಡೀ ಸೊನ್ನೆ... ಸೊನ್ನೆ... ಸೊನ್ನೆ.

"ಅದೇ ಅಕ್ಕ, ಅನುಮಾನ," ಅಂದಳು ತಂಗಿ. "ಆಗ ತಾನೇ ಸೋಪು ಹಾಕಿ ತೊಳೆದ ಕೈಯೂ ಸೊನ್ನೆ ತೋರಿಸಲ್ಲ."

ಅವಳು ವಿವರಿಸಿದ್ದು ಇಷ್ಟು. ಮಿಂಚುಹುಳದ ಹೊಟ್ಟೆಯಲ್ಲಿ ಒಂದು ಎಂಜೈಮ್ ಇರುತ್ತೆ. ಜೀವ ಇರೋ ಪ್ರತಿಯೊಂದರಲ್ಲೂ ಒಂಥರಾ ಇಂಧನ ಇರುತ್ತೆ. ನನ್ನಲ್ಲಿ, ನಿಮ್ಮಲ್ಲಿ, ಕೆಟ್ಟ ಹಾಲಿನ ಕ್ರಿಮಿಯಲ್ಲೂ. ಎರಡೂ ಸೇರಿದರೆ ಬೆಳಕು. ಬಿಸಿ ಇಲ್ಲದ, ತಣ್ಣನೆ ಬೆಳಕು. ಅದೇ ಎಂಜೈಮನ್ನು ಸಣ್ಣ ಕೊಳವೆಗೆ ತುಂಬಿ, ಜೊತೆಗೊಂದು ಹತ್ತಿಕಡ್ಡಿ ಕೊಡ್ತಾರೆ. ಟ್ಯಾಂಕನ್ನು ಕಡ್ಡಿಯಿಂದ ಒರೆಸಿ, ಕೊಳವೆಯಲ್ಲಿ ಅಲ್ಲಾಡಿಸಿ, ಮಷೀನಿಗೆ ಇಟ್ಟರೆ ಅದು ಬೆಳಕನ್ನು ಎಣಿಸುತ್ತೆ. ಗಲೀಜು ಜಾಸ್ತಿಯಾದಷ್ಟೂ ಬೆಳಕು ಜಾಸ್ತಿ.

ಆದರೆ ಕೊಳವೆಗಳನ್ನು ಫ್ರಿಜ್‌ನಲ್ಲಿ ಇಡಬೇಕು. ಕಾಯಿಸಿದರೆ ಎಂಜೈಮ್ ಸತ್ತಂತೆ. ಬೇಯಿಸಿದ ಮೊಟ್ಟೆಯಿಂದ ಮರಿ ಬರುತ್ತಾ? ಆಮೇಲೆ ಚರಂಡಿ ಒರೆಸಿದರೂ ಸೊನ್ನೆ.

ಯಾರಾದರೂ ಬೇಕಂತಲೇ ಕಾಯಿಸಿದ್ದಾರಾ ನೋಡೋಕೆ, ಕ್ಲೀನಿಂಗ್ ಹೆಂಗಸಿನ ವೇಷದಲ್ಲಿ ಒಳಗೆ ಹೋದೆ. ನಾಲ್ಕನೇ ದಿನ ಸಿಕ್ಕಿತು. ಬಾಯ್ಲರ್ ರೂಮಿನ ಬಿಸಿ ಪೈಪಿನ ಮೇಲೆ, ಗೋಣಿಚೀಲದ ಕೆಳಗೆ, ಕೊಳವೆಗಳ ಡಬ್ಬ. ಮುಟ್ಟಿದರೆ ಕೈ ಚುರ್ ಅಂತು.

ಡಬ್ಬ ಎತ್ತಿಕೊಂಡು ತಿರುಗಿದರೆ ಬಾಗಿಲಿಲ್ಲ. ಅಂದರೆ ಬಾಗಿಲಿದ್ದ ಜಾಗದಲ್ಲಿ ಸೆಕ್ಯುರಿಟಿಯವನು ನಿಂತಿದ್ದ. ಅಷ್ಟಗಲ ಆಳು. ಅವನ ಮೊಣಕಾಲಿಗೆ ಬಕೆಟ್ ಬೀಸಿ ಓಡಿದೆ. ಪ್ಯಾಕಿಂಗ್ ಹಾಲ್... ಮೆಟ್ಟಿಲು... ಖಾಲಿ ಟ್ಯಾಂಕು. ಒಂದು ಬೂಟು ಬಿಚ್ಚಿ ಅದರ ಬಾಯಂಚಿನಲ್ಲಿಟ್ಟು ಧುಮುಕಿದೆ.

ನನ್ನ ಗ್ರಹಚಾರ ನೋಡಿ. ಅದೇ ಹೊತ್ತಿಗೆ ಗೇಟಿನಲ್ಲಿ ಸರ್ಕಾರದ ಫುಡ್ ಆಫೀಸರ್ ಇಳಿದಿದ್ದರು. ತಂಗಿಯೇ ದೂರು ಕೊಟ್ಟು ಕರೆಸಿದ್ದಳು. ಅವರು ಒಳಗೆ ಬರೋದರೊಳಗೆ ಈ ಟ್ಯಾಂಕು ತೊಳೆದುಬಿಡು ಅಂತ ಇಸ್ತ್ರಿ ಆಪರೇಟರ್‌ಗೆ ಹೇಳಿದ್ದ. ನಾನಿರೋದು ಗೊತ್ತಿದ್ದೂ ಹೇಳಿದನೋ, ಗೊತ್ತಿಲ್ಲದೆಯೋ, ಇವತ್ತಿಗೂ ತಿಳಿದಿಲ್ಲ.

ಪಂಪು ಯಾಕೆ ಓಡ್ತಿಲ್ಲ ಅಂತ ಆಪರೇಟರ್ ಮುಚ್ಚಳ ಎತ್ತಿದ. ನನ್ನ ಮುಖ ನೋಡಿ ಬೆಚ್ಚಿಬಿದ್ದ. ಪಾಪ, ಅವನ ಮನೆಯಲ್ಲೂ ಒಂದು ಕೂಸಿತ್ತಂತೆ. ಏಣಿ ಇಳಿಬಿಟ್ಟು, ಕೈ ಕೊಟ್ಟು ಮೇಲೆಳೆದ.

ಒಂದೇ ಬೂಟಿನಲ್ಲಿ, ಡಬ್ಬ ಕಂಕುಳಲ್ಲಿಟ್ಟು, ಲ್ಯಾಬಿಗೆ ನುಗ್ಗಿದೆ. ಆಫೀಸರಮ್ಮ ಕುರ್ಚಿಯಲ್ಲಿ, ಇಸ್ತ್ರಿ ಕಾಗದ ಹಿಡಿದು ಪಕ್ಕದಲ್ಲಿ. ಹಿಂದೆಯೇ ಸೆಕ್ಯುರಿಟಿಯವನು ಬಂದು ನನ್ನ ತೋಳು ಹಿಡಿದ. ಇವಳು ಕಳ್ಳಿ, ಹೊರಗೆ ಹಾಕು ಅಂತ ಇಸ್ತ್ರಿ ಮೆಲ್ಲಗೇ ಹೇಳಿದ.

"ಹದಿನೈದು ಸೆಕೆಂಡ್ ಕೊಡಿ ಮೇಡಂ," ಅಂದೆ. "ಆಮೇಲೆ ಜೈಲಿಗೆ ಕಳಿಸಿ."

ಅವರು ಆಗಲಿ ಅಂತ ತಲೆ ಆಡಿಸಿದರು.

ಬಿಸಿ ಡಬ್ಬದಿಂದ ಒಂದು ಕಡ್ಡಿ ತೆಗೆದು ನನ್ನ ನಾಲಿಗೆಗೇ ಒರೆಸಿದೆ. ಅಲ್ಲಾಡಿಸಿದೆ. ಮಷೀನಿಗೆ ಇಟ್ಟೆ.

ಸೊನ್ನೆ.

"ಈ ಲೆಕ್ಕದಲ್ಲಿ ನಾನು ಸತ್ತು ಬಹಳ ದಿನ ಆಯ್ತು ಮೇಡಂ."

ಆಫೀಸರಮ್ಮ ನಗಲಿಲ್ಲ. ತಮ್ಮ ಐಸ್ ಬ್ಯಾಗಿನಿಂದ ತಾಜಾ ಕಡ್ಡಿ ತೆಗೆದರು. ಅದೇ ನಾಲಿಗೆ, ಅದೇ ಮಷೀನು. ಸಾವಿರಗಟ್ಟಲೆ ಬಂತು. ಟ್ಯಾಂಕಿನಿಂದ ಎದ್ದು ಬಂದೆ ಅಂತ ನಾನು ಮೊಣಕೈ ತೋರಿಸಿದೆ. ಇನ್ನೊಂದು ಕಡ್ಡಿಯಿಂದ ಅದನ್ನೂ ಒರೆಸಿದರು. ಟ್ಯಾಂಕಿನ ಗೋಡೆಗೆ ಉಜ್ಜಿ ಅಲ್ಲಿ ಹಳದಿ ಜಿಡ್ಡು ಮೆತ್ತಿತ್ತು. ಅದು ನನ್ನ ನಾಲಿಗೆಯನ್ನೂ ಮೀರಿಸಿತು.

ತೋಳು ಹಿಡಿದಿದ್ದ ಕೈ ಸಡಿಲವಾಯ್ತು.

"ಆ ಟ್ಯಾಂಕನ್ನು ಯಾರೂ ಮುಟ್ಟಬೇಡಿ. ಸೀಲ್ ಮಾಡ್ತೀನಿ," ಅಂದರು ಆಫೀಸರಮ್ಮ. ಆಮೇಲೆ ಇಸ್ತ್ರಿ ಕಡೆ ತಿರುಗಿದರು. "ಕೊನೇ ಸಲ ತೊಳೆದಿದ್ದು ಯಾವಾಗ?"

ಅವನು ಕಾಗದ ಮಡಚಿ ಜೇಬಿಗಿಟ್ಟ. ಪ್ರತಿ ಪಾಳಿಗೂ ತೊಳೆಸಬೇಕಾದ್ದನ್ನು ಮೂರು ಪಾಳಿಗೊಮ್ಮೆ ತೊಳೆಸುತ್ತಿದ್ದನಂತೆ. ತೊಳೆದರೆ ಲೈನ್ ನಿಲ್ಲುತ್ತೆ, ನಿಂತರೆ ಅವನ ಪ್ರಮೋಷನ್ ನಿಲ್ಲುತ್ತೆ. ಅಷ್ಟೇ ವಿಷಯ. ಸಂಜೆಯೊಳಗೆ ಪೊಲೀಸ್ ಜೀಪು ಹತ್ತಿದ.

ಹನ್ನೊಂದೂ ಕೂಸುಗಳು ಹುಷಾರಾಗಿ ಮನೆಗೆ ಹೋದವು. ಕೊನೆಯದು ಹೋದ ದಿನ ತಂಗಿ ನನ್ನ ಆಫೀಸಿಗೆ ಬಂದು ಅರ್ಧ ಗಂಟೆ ಅತ್ತಳು. ನಾನು ಎರಡು ಸಲ ಕಾಫಿ ತರಿಸಿದೆ.

ಮಾಲೀಕರು ಅವಳನ್ನು ವಾಪಸ್ ಕರೆದರು. ಲೈನ್ ನಿಲ್ಲಿಸೋ ಅಧಿಕಾರ ನನ್ನ ಕೈಗೆ ಕೊಟ್ಟರೆ ಮಾತ್ರ ಬರ್ತೀನಿ ಅಂದಳು. ಕೊಟ್ಟರು.

ಮೊದಲ ದಿನವೇ ನಾಲ್ಕು ಸಲ ನಿಲ್ಲಿಸಿದಳು. ಮಾಲೀಕರು ನನಗೆ ಫೋನ್ ಮಾಡಿ, ನಿಮ್ಮ ತಂಗಿ ಯಾವಾಗಲೂ ಹೀಗೇನಾ ಅಂತ ಕೇಳಿದರು.

"ಇಲ್ಲ ಸಾರ್," ಅಂದೆ. "ಇವತ್ತು ಒಳ್ಳೆ ಮೂಡಲ್ಲಿದ್ದಾಳೆ."