ಬಾಲದ ಕೆಳಗಿನ ಎರಡು ಬೆರಳು

“ಅಕ್ಕಾ, ನಮ್ಮನೆಯವರನ್ನ ಕಳ್ಳ ಅಂತಿದಾರೆ,” ಎಂದಳು ಬಂದವಳು, ಚಪ್ಪಲಿ ಬಿಡುವ ಮೊದಲೇ.

ವಿಮಾನ ಸಂಗ್ರಹಾಲಯದಲ್ಲಿ ಟಿಕೆಟ್ ಹರಿದುಕೊಡುವವಳು ಅವಳು. ಅಲ್ಲಿನ ಮೆಕ್ಯಾನಿಕ್ ಅವಳ ಗಂಡ. ಅವಳು ಬಂದದ್ದು ನನ್ನ ಅತ್ತಿಗೆಯನ್ನು ಹುಡುಕಿಕೊಂಡು. ಅತ್ತಿಗೆ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಅಂಗಡಿಯವರ ತಕ್ಕಡಿ ಬಿಟ್ಟು ಜನರ ಮಾತನ್ನು ತೂಗಿ ನೋಡತೊಡಗಿದರು. ಅವರ ಹಿಂದೆ ಟಾರ್ಚ್ ಹಿಡಿದು ಓಡಾಡುವುದು, ಆಮೇಲೆ ಬರೆದಿಡುವುದು, ಮೈದುನನಾದ ನನ್ನ ಪಾಲಿನ ಕೆಲಸ.

“ಏನು ಕಳುವಾಗಿದೆ?” ಅತ್ತಿಗೆ ಕೇಳಿದರು.

“ಸಾಮಾನು ಸಾಗಿಸೋ ವಿಮಾನದೊಳಗಿನ ಕಂಚಿನ ಗಂಟೆ. ಬೀಗ ಹಾಕಿದ ಹಾಗೇ ಇದೆ, ಗಂಟೆ ಇಲ್ಲ. ಬೀಗದ ಕೈ ಇವರೊಬ್ಬರ ಸೊಂಟದಲ್ಲೇ ಇರೋದು. ಸಂಜೆ ಐದರೊಳಗೆ ವಾಪಸ್ ಬರದಿದ್ರೆ ಪೊಲೀಸರಿಗೆ ಕೊಡ್ತಾರಂತೆ. ಎಂಬತ್ತು ಕಿಲೋ ಗಂಟೆ ಅಕ್ಕಾ. ಈ ಮನುಷ್ಯ ಕುಕ್ಕರ್ ಇಳಿಸೋಕೇ ಸೊಂಟ ಹಿಡ್ಕೊಳ್ತಾರೆ.”

ಸಂಗ್ರಹಾಲಯದ ದೊಡ್ಡ ಶೆಡ್ಡಿನಲ್ಲಿ ಆ ಹಳೆಯ ಸೇನಾ ವಿಮಾನ ಊಟ ಮುಗಿಸಿ ಒರಗಿದ ಹಿರಿಯರಂತೆ ನಿಂತಿತ್ತು. ಅದರ ಕೊನೆಯ ಹಾರಾಟ ಬೆಟ್ಟದ ಮೇಲಿನ ಒಂದು ಶಾಲೆಗೆ ಈ ಗಂಟೆಯನ್ನು ಒಯ್ಯುವುದಕ್ಕಾಗಿ. ಅಲ್ಲಿನ ಇಳಿದಾಣ ನೆರೆಯಲ್ಲಿ ಕೊಚ್ಚಿಹೋಗಿದ್ದರಿಂದ ಗಂಟೆಯೊಂದಿಗೇ ಹಿಂತಿರುಗಿತು. ವಿಮಾನಕ್ಕೆ ನಿವೃತ್ತಿ ಕೊಟ್ಟರು, ಗಂಟೆ ಒಳಗೇ ಉಳಿಯಿತು. ಈಗ ಪ್ರಧಾನ ಕಚೇರಿಯ ಹೊಸ ಕಟ್ಟಡದ ಹಜಾರಕ್ಕೆ ಅದು ಬೇಕಾಗಿತ್ತು. ಕೊಂಡೊಯ್ಯಲು ಲಾರಿ ಬಂದು ಬಾಗಿಲಲ್ಲೇ ನಿಂತಿತ್ತು.

ನಿರ್ದೇಶಕರು ಒಳ್ಳೆಯ ಮನುಷ್ಯರು. ಆದರೆ ಪ್ರಧಾನ ಕಚೇರಿಯ ಫೋನು ಬಂದಾಗಲೆಲ್ಲ ಕುರ್ಚಿಯಿಂದ ಎದ್ದುನಿಂತು ಮಾತಾಡುವವರು. “ಗೇಟು, ಲಾರಿ, ಛಾವಣಿ ಎಲ್ಲಾ ನೋಡಿದ್ವಿ,” ಎಂದರು. “ಬೀಗ ಮುರಿದಿಲ್ಲ. ನಾನೇನು ಮಾಡ್ಲಿ, ಹೇಳಿ.”

ಮೆಕ್ಯಾನಿಕ್ ಸಲಕರಣೆ ಪೆಟ್ಟಿಗೆಯ ಮೇಲೆ ಕುಳಿತು ಹೊಳೆಯುತ್ತಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ.

“ನಿನ್ನೆ ಬಾಗಿಲು ಹಾಕುವಾಗ ಒಳಗೆ ನೋಡಿದ್ರಾ?” ಅತ್ತಿಗೆ ಕೇಳಿದರು.

“ಇಲ್ಲ ತಾಯಿ. ಎದುರು ಶೆಡ್ ಗುಡಿಸಿ ಬಂದು, ಹೊರಗಿಂದ ಒಂದ್ಸಲ ಕೂಗಿ ಬೀಗ ಹಾಕ್ತೀನಿ.”

“ಬೆಳಗ್ಗೆ ಬಂದ ತಕ್ಷಣ?”

“ದಿನಾ ಮಾಡೋದೇ. ಬಾಲದ ಕೆಳಗೆ ಬೆರಳು ಹಾಕ್ದೆ.” ಅವನು ಎದ್ದು ತೋರಿಸಿದ. ಬಾಲದಡಿ ತಿರುಪಿನ ಕಬ್ಬಿಣದ ಸ್ಟ್ಯಾಂಡ್ ಇತ್ತು. “ಎಂಜಿನ್ ಬಿಚ್ಚಿದಾರಲ್ಲ, ಮೂತಿ ಹಗುರ. ಅಲ್ಲಿ ಮರಳು ಚೀಲ ಇಟ್ಟು ಸರಿದೂಗಿಸಿದೀವಿ. ಆದ್ರೂ ದಪ್ಪನೆ ಮನುಷ್ಯ ಒಬ್ಬ ಬಾಲದ ಕಡೆ ನಡೆದ್ರೆ ಹಿಂದಕ್ಕೆ ಕೂತುಬಿಡತ್ತೆ.”

ಅವನು ನನ್ನನ್ನೇ ನೋಡಿದ. ನಾನು ಛಾವಣಿಯ ಕೆಲಸವನ್ನು ಮೆಚ್ಚಿಕೊಳ್ಳತೊಡಗಿದೆ.

“ಅದಕ್ಕೇ ಸ್ಟ್ಯಾಂಡು. ಎರಡು ಬೆರಳು ಸಂದು ಇರ್ಬೇಕು. ಇವತ್ತು ಬೆರಳು ಹೋಗ್ಲಿಲ್ಲ. ಮುಂದಿನ ಚಕ್ರಕ್ಕೆ ಗಾಳಿ ಜಾಸ್ತಿಯೇನೋ ಅಂದ್ಕೊಂಡೆ. ತಿರುಪು ಇಳಿಸೋಣ ಅನ್ನೋದ್ರೊಳಗೆ ಗಂಟೆ ಇಲ್ಲ ಅಂತ ಗಲಾಟೆ ಎದ್ದಿತು.”

ಅತ್ತಿಗೆ ಬಗ್ಗಿ ತಮ್ಮ ಬೆರಳನ್ನೂ ಹಾಕಿ ನೋಡಿದರು. ಕಾಗದವೂ ಹೋಗುವಂತಿರಲಿಲ್ಲ.

ನಾವು ವಿಮಾನದೊಳಕ್ಕೆ ಹತ್ತಿದೆವು. ಮೂತಿಯಿಂದ ಬಾಲದವರೆಗೆ ನೆಲವನ್ನು ಹತ್ತು ಚೌಕಗಳಾಗಿ ಗುರುತಿಸಿ ಅಂಕಿ ಬರೆದಿದ್ದರು. ನಡುವೆ ಸಾಮಾನು ಜಾರಿಸುವ ಉರುಳೆಗಳು. ಗಂಟೆ ಕೂತಿದ್ದ ದುಂಡನೆಯ ಗುರುತು ಐದನೇ ಚೌಕದಲ್ಲಿ, ಸರಿಯಾಗಿ ದೊಡ್ಡ ಚಕ್ರಗಳ ಮೇಲೆ. ಬಾಲದ ಕಡೆಗೆ ಕ್ಯಾನ್ವಾಸಿನ ಪರದೆ, ‘ಮುಂದೆ ಹೋಗಬಾರದು’ ಎಂಬ ಬೋರ್ಡು. ಬಾಗಿಲ ಪಕ್ಕ ಒಂದು ಸ್ಲೇಟು: ‘ಗಂಟೆ, ೮೦ ಕಿಲೋ, ಚೌಕ ೯’.

“ಇದೇನು?” ಅತ್ತಿಗೆ ಕೇಳಿದರು.

“ಕೊನೇ ಹಾರಾಟದ ಬರಹ,” ಎಂದರು ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಕ್ಯಾಪ್ಟನ್. ಒಂದು ಕಾಲಕ್ಕೆ ಈ ವಿಮಾನವನ್ನೇ ಹಾರಿಸಿದವರು, ಈಗ ಬಂದವರಿಗೆಲ್ಲ ಅದನ್ನು ಸುತ್ತಿ ತೋರಿಸುವವರು. ಬಿಳಿ ಮೀಸೆ, ಇಸ್ತ್ರಿಯ ಅಂಗಿ. “ಯಾವ ಸಾಮಾನು ಎಲ್ಲಿದೆ ಅಂತ ಅಲ್ಲಿ ಬರೆಯದೆ ಪೈಲಟ್ ಚಕ್ರ ಕದಲಿಸಲ್ಲ.”

ಅತ್ತಿಗೆ ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಸ್ಲೇಟಿನ ಹತ್ತಿರ ಹಿಡಿದರು. ಆಮೇಲೆ ಎಲ್ಲರನ್ನೂ ಕರೆಯಲು ಹೇಳಿದರು, ಲಾರಿ ಡ್ರೈವರನ್ನೂ.

“ಐದನೇ ಚೌಕದಲ್ಲೇ ನಿಲ್ಲಿ,” ಎಂದರು. “ಇದು ಚಕ್ರದ ಮೇಲಿನ ಜಾಗ, ಇಲ್ಲಿ ಎಷ್ಟು ಜನ ನಿಂತರೂ ಬಾಲ ಕದಲಲ್ಲ. ಗಂಟೆ ಇದ್ದದ್ದೂ ಇಲ್ಲೇ. ಅಂದ ಮೇಲೆ ಅದನ್ನ ಯಾರಾದ್ರೂ ಹೊರಗೆ ಹೊತ್ಕೊಂಡು ಹೋಗಿದ್ರೆ ಬಾಲಕ್ಕೆ ಗೊತ್ತೂ ಆಗ್ತಿರಲಿಲ್ಲ. ಆದರೆ ಬಾಲ ತಗ್ಗಿದೆ.”

ನಿರ್ದೇಶಕರು ಮೆಲ್ಲಗೆ ಪರದೆಯ ಕಡೆ ತಿರುಗಿದರು.

“ಹೌದು ಸರ್. ಗಂಟೆ ಹೊರಗೆ ಹೋಗಿಲ್ಲ, ಹಿಂದಕ್ಕೆ ಹೋಗಿದೆ. ಬೀಗ ಹಾಕೋ ಮೊದಲೇ, ಉರುಳೆ ಮೇಲೆ ಜಾರಿಸಿದಾರೆ. ನೀವು ಊರೆಲ್ಲ ಹುಡುಕಿದಿರಿ, ನೀವೇ ಹಾಕಿದ ಬೋರ್ಡಿಗೆ ಮರ್ಯಾದೆ ಕೊಟ್ಟು ಇಲ್ಲೊಂದು ನೋಡಲಿಲ್ಲ.”

“ಯಾರು?”

“ಮೆಕ್ಯಾನಿಕ್ ಅಲ್ಲ. ಅವರು ಮಾಡಿದ್ದರೆ ಮೊದಲು ಕೆಳಗಿಳಿದು ಸ್ಟ್ಯಾಂಡ್ ಸರಿಮಾಡ್ತಿದ್ರು. ಬಾಲ ಸ್ಟ್ಯಾಂಡಿನ ಮೇಲೆ ಕೂತಿರೋದನ್ನ ನೋಡ್ಕೊಂಡು ಮನೆಗೆ ಹೋಗಿ ಊಟ ಮಾಡೋ ಜಾತಿ ಅಲ್ಲ ಅವರು.”

“ಅನ್ನ ಇಳೀತಿರ್ಲಿಲ್ಲ,” ಎಂದಳು ಹೆಂಡತಿ.

“ಮಾಡಿದವರಿಗೆ ಸ್ಟ್ಯಾಂಡಿನ ಕಡೆ ಗಮನವೇ ಇಲ್ಲ, ಅದು ನೆಲದವರ ಕೆಲಸ. ಆದರೆ ಸಾಮಾನು ಜಾಗ ಬದಲಿಸಿದ್ರೆ ಸ್ಲೇಟಿನಲ್ಲಿ ಬರೀಬೇಕು, ಅದನ್ನ ಮಾತ್ರ ಕೈ ಮರೀಲಿಲ್ಲ. ನೋಡಿ. ಉಳಿದ ಅಕ್ಷರ ಹಳೇದಾಗಿ ಹಳದಿ ತಿರುಗಿದೆ. ಒಂಬತ್ತು ಮಾತ್ರ ಹೊಸ ಸುಣ್ಣದ ಹಾಗೆ ಬೆಳ್ಳಗಿದೆ. ಬಚ್ಚಿಟ್ಟ ಜಾಗವನ್ನ ತಾನೇ ಬರೆದಿಟ್ಟು ಹೋಗೋ ಕಳ್ಳ, ಪೈಲಟ್ ಬಿಟ್ಟು ಬೇರೆ ಯಾರು ಕ್ಯಾಪ್ಟನ್?”

ಕ್ಯಾಪ್ಟನ್ ಸ್ಲೇಟನ್ನೇ ನೋಡುತ್ತಿದ್ದರು. ತಾವು ಬರೆದದ್ದು ಅವರಿಗೆ ಆಗ ತಾನೇ ಗೊತ್ತಾದಂತಿತ್ತು.

“ಲಾರಿ ಖಾಲಿ ಹೋದ್ರೆ ಸಾಕಿತ್ತು,” ಎಂದರು. “ಆಮೇಲೆ ನಾನೇ ಹೇಳ್ತಿದ್ದೆ. ಇವನ ತಲೆಗೆ ಬರತ್ತೆ ಅಂತ ಅನ್ಕೊಂಡಿರಲಿಲ್ಲ. ಬಂದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ.” ಪರದೆಯ ಕಡೆ ಕೈ ತೋರಿಸಿದರು. “ಆ ಶಾಲೆಯವರು ವರ್ಷಕ್ಕೊಂದು ಪತ್ರ ಬರೀತಾರೆ. ಇವತ್ತಿಗೂ ರೈಲು ಹಳಿಯ ತುಂಡು ಬಡೀತಾರಂತೆ. ಆವತ್ತು ಮೂರು ಸುತ್ತು ಹಾಕಿದೆ. ಮಕ್ಕಳು ಕೆಳಗೆ ಸಾಲಾಗಿ ನಿಂತಿದ್ರು. ಇಳಿಯೋಕಾಗಲಿಲ್ಲ. ಅವರ ಗಂಟೆ ಹಜಾರದಲ್ಲಿ ಹೂಕುಂಡದ ಪಕ್ಕ ಕೂರೋದು ನೋಡೋಕೆ ಮನಸ್ಸಾಗಲಿಲ್ಲ.”

ನಾನು ಪರದೆ ಸರಿಸಿದೆ, ಒಳಗೆ ಹೆಜ್ಜೆ ಇಡದೆ. ಒಂಬತ್ತನೇ ಚೌಕದಲ್ಲಿ ಗಂಟೆ ನಾಲ್ಕು ಹಗ್ಗ ಬಿಗಿಸಿಕೊಂಡು ಅಚ್ಚುಕಟ್ಟಾಗಿ ಕೂತಿತ್ತು. ಕೊರಳಿಗೆ ತಗಡಿನ ಚೀಟಿ.

ಅತ್ತಿಗೆ ಅದರ ಮೇಲೆ ಬೆಳಕು ಬಿಟ್ಟರು. “ವಿಳಾಸ ಇದೆ ಸರ್. ಇದು ಪ್ರದರ್ಶನದ ವಸ್ತು ಅಲ್ಲ, ಸಾಮಾನು. ಇನ್ನೂ ತಲುಪಿಲ್ಲ, ಅಷ್ಟೇ.”

“ಹೆಡ್ ಆಫೀಸಿಗೆ ಏನಂತ ಬರೀಲಿ?”

“ತಡವಾಗಿದ್ದಕ್ಕೆ ಕ್ಷಮಿಸಿ ಅಂತ ಶಾಲೆಗೆ ಬರೀರಿ. ಹೆಡ್ ಆಫೀಸಿಗೆ ಅದರ ಪ್ರತಿ.”

ನಿರ್ದೇಶಕರು ಬಹಳ ಹೊತ್ತು ಆ ತಗಡು ಓದಿದರು. ಆಮೇಲೆ ಮೆಕ್ಯಾನಿಕ್ ಎದುರು ನಿಂತು, “ತಪ್ಪಾಯ್ತು,” ಎಂದರು, ಕಚೇರಿಯ ಫೋನಿಗೆ ನಿಲ್ಲುವಷ್ಟೇ ನೆಟ್ಟಗೆ. ಡ್ರೈವರ್ ಕೆಮ್ಮಿದ. “ಬೆಟ್ಟಕ್ಕೆ ಈಗ ಟಾರು ರಸ್ತೆ ಇದೆ ಸಾರ್. ನಾಲ್ಕು ತಾಸು.”

ಗಂಟೆ ಉರುಳೆಗಳ ಮೇಲೆ ಜಾರಿ ಬಾಗಿಲು ದಾಟಿತು. ಇಳಿಸುವಾಗ ಒಮ್ಮೆ ಸಣ್ಣಗೆ ಸದ್ದು ಮಾಡಿತು.

ಮೆಕ್ಯಾನಿಕ್ ಇಡೀ ದಿನದಲ್ಲಿ ಮೊದಲ ಬಾರಿಗೆ ಕ್ಯಾಪ್ಟನ್ ಕಡೆ ತಿರುಗಿದ. “ಇಷ್ಟು ವರ್ಷ ಜೊತೆಗಿದ್ದೂ ಸ್ಟ್ಯಾಂಡ್ ನೋಡೋದು ಕಲೀಲಿಲ್ಲವಲ್ಲ ಸ್ವಾಮಿ,” ಎಂದು ಸೀಮೆಸುಣ್ಣ ಅವರ ಕೈಗಿಟ್ಟ. “ಇಳಿಸಿದ್ದು ಬರೀರಿ. ಬರೆದು ಲಾರಿ ಹತ್ತಿ. ತಲುಪಿಸಬೇಕಾದವರು ನೀವು.”

ಕ್ಯಾಪ್ಟನ್ ಬರೆದರು. ಮೆಕ್ಯಾನಿಕ್ ಅದನ್ನು ಓದಲು ನಿಲ್ಲಲಿಲ್ಲ. ಕೆಳಗಿಳಿದು, ಬಾಲದ ಹತ್ತಿರ ಹೋಗಿ, ಎರಡು ಬೆರಳು ಹಾಕಿದ. ಸಲೀಸಾಗಿ ಹೋದವು.